ತಂತ್ರಾಂಶಕ್ಕಿಂತ ಮೊದಲು ಫೈಲು ನೋಡಿ: ಕಿವಿಯಿಂದ ಓದುವವರಿಗೆ ಕನ್ನಡ ಇ-ಪುಸ್ತಕ

ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದುವ ಅಂಧ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆಯೊಂದು ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿದೆ. ರಾಯಚೂರು ಜಿಲ್ಲೆಯ ಮಾನ್ವಿಯಿಂದಲೋ ದೇವದುರ್ಗದಿಂದಲೋ ಯರಗೇರಾದ ವಿಶ್ವವಿದ್ಯಾಲಯಕ್ಕೆ ಎಂ.ಎ. ಓದಲು ಬರುವ ಹುಡುಗನ ಕೈಗೆ ಅಂಥದೊಂದು ಲ್ಯಾಪ್‌ಟಾಪ್ ಬಂತು ಎಂದಿಟ್ಟುಕೊಳ್ಳಿ. ಮೊದಲ ದಿನ ಅದು ಇಂಗ್ಲಿಷಿನಲ್ಲಿ ಪಟಪಟ ಮಾತಾಡುತ್ತದೆ. ಮೇಷ್ಟ್ರು ವಾಟ್ಸಾಪ್‌ಗೆ ಹಾಕಿದ ಕನ್ನಡ ನೋಟ್ಸಿನ ಪಿಡಿಎಫ್ ತೆರೆದ ಕೂಡಲೇ ಒಂದೋ ಸುಮ್ಮನಾಗಿಬಿಡುತ್ತದೆ, ಇಲ್ಲವೇ ‘ಪಿ, ಎ, ಪೌಂಡ್, ಎ’ ಎಂದು ಬಡಬಡಿಸತೊಡಗುತ್ತದೆ. ಲ್ಯಾಪ್‌ಟಾಪೇ ಸರಿಯಿಲ್ಲ ಎಂದು ಹುಡುಗ ಅಂದುಕೊಳ್ಳುತ್ತಾನೆ. ಬೇರೆ ಸಾಫ್ಟ್‌ವೇರ್ ಹಾಕಿಕೊಡ್ತೀನಿ ಬಿಡು ಎಂದು ಅಂಗಡಿಯವನು ಹೇಳುತ್ತಾನೆ. ಎರಡೂ ತಪ್ಪು.

ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ಪುಸ್ತಕ ಓದಬೇಕಾದರೆ ನಾಲ್ಕು ವಸ್ತುಗಳು ಕೂಡಿ ಕೆಲಸ ಮಾಡಬೇಕು. ಪುಸ್ತಕದ ಫೈಲು, ಅದನ್ನು ತೆರೆಯುವ ಓದುಗ ತಂತ್ರಾಂಶ, ಪರದೆಯಲ್ಲಿರುವುದನ್ನು ಹೇಳುವ ಸ್ಕ್ರೀನ್ ರೀಡರ್, ಆ ಸ್ಕ್ರೀನ್ ರೀಡರ್‌ಗೆ ಬಾಯಿ ಕೊಡುವ ಧ್ವನಿ. ಇಂಗ್ಲಿಷ್ ಪುಸ್ತಕವಾದರೆ ಈ ನಾಲ್ಕೂ ತಾವಾಗಿಯೇ ಹೊಂದಿಕೊಳ್ಳುತ್ತವೆ. ಹೀಗಾಗಿ ಇಂಗ್ಲಿಷಿನಲ್ಲಿ ಬರೆದ ಸಲಹೆಗಳೆಲ್ಲ ನೇರವಾಗಿ ಮೂರನೆಯದಕ್ಕೋ ಎರಡನೆಯದಕ್ಕೋ ಹೋಗುತ್ತವೆ. ಕನ್ನಡದಲ್ಲಿ ಮಾತ್ರ ಫೈಲಿನಿಂದಲೇ ಶುರು ಮಾಡಬೇಕು. ಎಷ್ಟೇ ದುಬಾರಿ ತಂತ್ರಾಂಶ ತಂದರೂ ಕೆಟ್ಟ ಫೈಲನ್ನು ಅದು ಓದಿಕೊಡುವುದಿಲ್ಲ.

ಪೌಂಡ್ ಚಿಹ್ನೆ ಎಲ್ಲಿಂದ ಬಂತು?

ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಡಿಟಿಪಿ ಕೆಲಸವೆಲ್ಲ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ನಡೆಯುತ್ತಿತ್ತು. ಬಹಳಷ್ಟು ಮುದ್ರಣಾಲಯಗಳಲ್ಲಿ ಇಂದಿಗೂ ನಡೆಯುತ್ತಿದೆ. ಈ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ; ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ, ಅಷ್ಟೆ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಒಳಗೆ ಕೂರುವುದು ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೆರೆ ಇರುವ ಎ, ಬ್ರಿಟಿಷ್ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಹೀಗೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಗೊಂದಲ. ಕಣ್ಣಿದ್ದವರಿಗೆ ಈ ವ್ಯತ್ಯಾಸ ಎಂದೂ ಗೊತ್ತಾಗುವುದಿಲ್ಲ, ಆದ್ದರಿಂದಲೇ ಅದು ಇಷ್ಟು ವರ್ಷ ಹಾಗೇ ಉಳಿದಿದೆ.

ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಪಿಡಿಎಫ್ ಆದರೂ ನಂಬಿಕೆಯಿಲ್ಲ. ಪಿಡಿಎಫ್ ಹುಟ್ಟಿದ್ದು ಪುಟ ಹೇಗೆ ಕಾಣಬೇಕು ಎಂದು ಹೇಳುವುದಕ್ಕೆ. ಕನ್ನಡದ ಒತ್ತಕ್ಷರ, ಎತ್ವ, ದೀರ್ಘಗಳು ಪಿಡಿಎಫ್ ಒಳಗೆ ಕಾಣುವ ಕ್ರಮದಲ್ಲಿ ಬಿದ್ದಿರುತ್ತವೆಯೇ ಹೊರತು ಉಚ್ಚಾರದ ಕ್ರಮದಲ್ಲಿ ಅಲ್ಲ. ಅರ್ಕಾವತ್ತು ಎಲ್ಲೋ, ವ್ಯಂಜನ ಎಲ್ಲೋ. ಮೂರನೆಯ ಬಗೆಯೆಂದರೆ ಸ್ಕ್ಯಾನ್ ಮಾಡಿದ ಪಿಡಿಎಫ್: ಅದರಲ್ಲಿ ಅಕ್ಷರವೇ ಇಲ್ಲ, ಇರುವುದು ಫೋಟೊ.

ನಿಮ್ಮ ಫೈಲು ಯಾವ ಜಾತಿಯದು ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಪಿಡಿಎಫ್ ತೆರೆದು ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲವನ್ನೂ ಆರಿಸಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಮುಂದೆ ಹೇಳುವ ಕನ್ನಡ ಧ್ವನಿ ಹಾಕಿಕೊಂಡ ಮೇಲೆ ಅಲ್ಲಿ ಕನ್ನಡ ಸ್ಪಷ್ಟವಾಗಿ ಕೇಳಿಸಿದರೆ ಫೈಲು ಒಳ್ಳೆಯದು. ಇಂಗ್ಲಿಷ್ ಚಿಹ್ನೆಗಳು ಕೇಳಿಸಿದರೆ ಹಳೆಯ ಫಾಂಟು. ಏನೂ ಪೇಸ್ಟ್ ಆಗದಿದ್ದರೆ ಸ್ಕ್ಯಾನ್ ಪ್ರತಿ. ಕನ್ನಡವೇ ಬಂದರೂ ಅಕ್ಷರ ಅಡಿಮೇಲಾಗಿದ್ದರೆ ಎರಡನೆಯ ಜಾತಿ, ಅಂದರೆ ಯುನಿಕೋಡ್ ಪಿಡಿಎಫ್.

ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಬರಹದ ಜೊತೆಯಲ್ಲೇ ಒಂದು ಬರುತ್ತದೆ, ಅಂತರಜಾಲದಲ್ಲಿ ಉಚಿತವಾಗಿಯೂ ಸಿಗುತ್ತವೆ. ಆದರೆ ಅವು ಚೆನ್ನಾಗಿ ಕೆಲಸ ಮಾಡುವುದು ಮೂಲದ ವರ್ಡ್ ಅಥವಾ ಪೇಜ್‌ಮೇಕರ್ ಫೈಲಿನಿಂದ ತೆಗೆದ ಪಠ್ಯದ ಮೇಲೆ. ಪಿಡಿಎಫ್‌ನಿಂದ ಎತ್ತಿದ್ದರ ಮೇಲೆ ಅಷ್ಟಕ್ಕಷ್ಟೆ. ಆದ್ದರಿಂದ ಪಿಡಿಎಫ್ ಕೊಟ್ಟವರ ಹತ್ತಿರ ‘ಇದರ ವರ್ಡ್ ಫೈಲ್ ಇದೆಯಾ ಸರ್?’ ಎಂದು ಕೇಳುವುದು ಯಾವ ತಂತ್ರಾಂಶಕ್ಕಿಂತಲೂ ಹೆಚ್ಚು ಸಮಯ ಉಳಿಸುತ್ತದೆ.

ಸ್ಕ್ಯಾನ್ ಪ್ರತಿಗಾದರೆ ಒಸಿಆರ್ ಬೇಕು, ಅಂದರೆ ಚಿತ್ರದಿಂದ ಅಕ್ಷರ ಗುರುತಿಸುವ ವಿದ್ಯೆ. ಎಲ್ಲರ ಕೈಗೆ ಎಟುಕುವುದು ಗೂಗಲ್ ಡ್ರೈವ್. ಪುಟದ ಚಿತ್ರವನ್ನೋ ಪಿಡಿಎಫನ್ನೋ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಫೈಲು 2 ಎಂಬಿ ಒಳಗಿದ್ದರೆ ಚೆನ್ನ ಎಂದು ಗೂಗಲ್ಲೇ ಹೇಳುತ್ತದೆ, ಹಾಗಾಗಿ ದೊಡ್ಡ ಪುಸ್ತಕವನ್ನು ಅಧ್ಯಾಯವಾಗಿ ಒಡೆದುಕೊಳ್ಳಿ. ಟೆಸರಾಕ್ಟ್ ಎಂಬ ಉಚಿತ ಒಸಿಆರ್‌ಗೂ ಕನ್ನಡ ಬರುತ್ತದೆ, ಅದಕ್ಕೆ ಇಂಟರ್‌ನೆಟ್ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಎಂಬ ಒಸಿಆರ್ ಅನ್ನು ಕನ್ನಡ ಲಿಪಿಗೆಂದೇ ಬುಡದಿಂದ ಕಟ್ಟಿದೆ. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತವನ್ನೂ ಅದು ಗುರುತಿಸುತ್ತದೆ. ಯಾವ ಒಸಿಆರ್ ಆದರೂ ಥ-ಧ, ಪ-ಷ ಅದಲುಬದಲು ಮಾಡುವುದು, ಅನುಸ್ವಾರವನ್ನು ಸೊನ್ನೆ ಮಾಡುವುದು ಉಂಟು. ಕೋಷ್ಟಕಗಳಂತೂ ಚೆಲ್ಲಾಪಿಲ್ಲಿ. ಅರ್ಥಶಾಸ್ತ್ರದ ಪುಸ್ತಕದ ಅಂಕಿಗಳನ್ನು ಒಸಿಆರ್ ನಂಬಿ ಪರೀಕ್ಷೆಯಲ್ಲಿ ಬರೆಯಬೇಡಿ, ಕಣ್ಣಿರುವ ಗೆಳೆಯರಿಂದ ಒಮ್ಮೆ ತಾಳೆ ನೋಡಿಸಿ.

ಸ್ಕ್ರೀನ್ ರೀಡರ್ ಮತ್ತು ಧ್ವನಿ

ಇಲ್ಲಿ ನನ್ನ ತೀರ್ಪು ನೇರವಾದದ್ದು: ಎನ್‌ವಿಡಿಎ ಹಾಕಿಕೊಳ್ಳಿ. ಮೈಕೆಲ್ ಕರನ್ ಎಂಬ ಆಸ್ಟ್ರೇಲಿಯಾದ ಅಂಧ ಯುವಕ 2006ರಲ್ಲಿ ಇದನ್ನು ಬರೆಯಲು ಶುರು ಮಾಡಿದ. ಅವನ ಹಾಗೇ ಕಣ್ಣು ಕಾಣದ ಗೆಳೆಯ ಜೇಮ್ಸ್ ಟೆ ಜೊತೆಯಾದ. ಸ್ಕ್ರೀನ್ ರೀಡರ್ ಕೊಳ್ಳಲು ಕಂಪ್ಯೂಟರಿಗಿಂತ ಹೆಚ್ಚು ದುಡ್ಡು ಯಾಕೆ ಕೊಡಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಇಂದಿಗೂ ಎನ್‌ವಿಡಿಎ ಪೂರ್ತಿ ಉಚಿತ. ಹಣ ಕೊಟ್ಟು ಕೊಳ್ಳುವ ಜಾಸ್ ಎಂಬ ಸ್ಕ್ರೀನ್ ರೀಡರ್ ಹಳೆಯದು, ಪಳಗಿದ್ದು. ಬ್ಯಾಂಕು, ಕಂಪನಿಗಳಲ್ಲಿ ಕೆಲಸಕ್ಕೆ ಸೇರುವವರಿಗೆ ಅದರ ಪರಿಚಯ ಇರುವುದು ಒಳ್ಳೆಯದು. ಪರವಾನಗಿ ಇಲ್ಲದೆಯೂ ಒಂದು ಸಲಕ್ಕೆ 40 ನಿಮಿಷ ಓಡುತ್ತದೆ, ಕಲಿಯಲು ಅಷ್ಟು ಸಾಕು. ಕನ್ನಡ ಪುಸ್ತಕ ಓದುವುದಕ್ಕೆ ಮಾತ್ರ ಅದರಿಂದ ವಿಶೇಷ ಲಾಭವಿಲ್ಲ. ಅದರ ಜೊತೆ ಬರುವ ಹೆಸರಾಂತ ಎಲೊಕ್ವೆನ್ಸ್ ಧ್ವನಿಗೆ ಕನ್ನಡ ಬರುವುದಿಲ್ಲ.

ಎನ್‌ವಿಡಿಎ ಹಾಕುವಾಗ ಕಣ್ಣಿರುವವರ ನೆರವೇ ಬೇಕೆಂದಿಲ್ಲ. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಸ್ವಂತ ನರೇಟರ್ ಮಾತಾಡತೊಡಗುತ್ತದೆ. ಅದರ ಸಹಾಯದಿಂದ ಎನ್‌ವಿಡಿಎ ಇಳಿಸಿಕೊಂಡರೆ, ಆಮೇಲಿನ ಕೆಲಸಕ್ಕೆ ಎನ್‌ವಿಡಿಎಯ ಇನ್‌ಸ್ಟಾಲರ್ ತಾನೇ ಮಾತಾಡುತ್ತಾ ದಾರಿ ತೋರಿಸುತ್ತದೆ. ಹಳೆಯ ಲ್ಯಾಬುಗಳಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಇತ್ತೀಚಿನ ಆವೃತ್ತಿ ಕೂರುವುದಿಲ್ಲ, 2023.3 ಸರಣಿಯೇ ಅದಕ್ಕೆ ಕೊನೆಯದು, ಅದನ್ನೇ ಹುಡುಕಿ ಹಾಕಿ.

ಹಾಕಿದ ಮೇಲೂ ಕನ್ನಡದ ಸಾಲಿಗೆ ಬಂದಾಗ ಯಂತ್ರ ಸುಮ್ಮನಾಗಿಬಿಟ್ಟರೆ ಗಾಬರಿಯಾಗಬೇಡಿ. ಎನ್‌ವಿಡಿಎ ಹೊಸ ವಿಂಡೋಸ್‌ಗಳಲ್ಲಿ ಮೊದಲಿಗೆ ಬಳಸುವುದು ವಿಂಡೋಸ್‌ನ ಇಂಗ್ಲಿಷ್ ಧ್ವನಿಯನ್ನು, ಅದಕ್ಕೆ ಕನ್ನಡ ಗೊತ್ತಿಲ್ಲ. ಇನ್ಸರ್ಟ್, ಕಂಟ್ರೋಲ್, ಎಸ್ ಒಟ್ಟಿಗೆ ಒತ್ತಿ. ಧ್ವನಿಯಂತ್ರಗಳ ಪಟ್ಟಿ ಬರುತ್ತದೆ. ಇ-ಸ್ಪೀಕ್ ಎನ್‌ಜಿ ಆರಿಸಿ. ಆಮೇಲೆ ಇನ್ಸರ್ಟ್, ಕಂಟ್ರೋಲ್, ವಿ ಒತ್ತಿ ಧ್ವನಿಯ ಜಾಗದಲ್ಲಿ ಕನ್ನಡ ಆರಿಸಿ. ಇಷ್ಟೇ ಕೆಲಸ. ಇದನ್ನು ಯಾರೂ ಹೇಳಿಕೊಡದೆ, ಟಾಕಿಂಗ್ ಲ್ಯಾಪ್‌ಟಾಪ್ ಬಂದು ತಿಂಗಳುಗಟ್ಟಲೆ ಇಂಗ್ಲಿಷ್ ಹಾಡು ಕೇಳಲಿಕ್ಕೆ ಮಾತ್ರ ಬಳಕೆಯಾಗುವುದುಂಟು.

ಇ-ಸ್ಪೀಕ್‌ನ ಕನ್ನಡ ಮೊದಲ ಸಲ ಕೇಳಿದವರಿಗೆ ತಗಡು ಬಡಿದಂತಿರುತ್ತದೆ. ಮನೆಯವರು ‘ಇದೇನು ಕನ್ನಡನಾ?’ ಎಂದು ನಗುತ್ತಾರೆ. ಆದರೆ ವಾರ ಕಳೆಯಲಿ. ಅದರ ಬಲ ಇರುವುದು ವೇಗದಲ್ಲಿ: ಗುಂಡಿ ಒತ್ತಿದ ಕ್ಷಣವೇ ಉಲಿಯುತ್ತದೆ, ಎಷ್ಟು ಜೋರಾಗಿ ಓಡಿಸಿದರೂ ಅಕ್ಷರ ನುಂಗುವುದಿಲ್ಲ, ಇಂಟರ್‌ನೆಟ್ ಕೇಳುವುದಿಲ್ಲ. ನಡುವೆ ಇಂಗ್ಲಿಷ್ ಪದ ಬಂದರೆ ತಾನೇ ಇಂಗ್ಲಿಷಿಗೆ ಹೊರಳುತ್ತದೆ. ಪರೀಕ್ಷೆಗೆ ಓದುವವರಿಗೆ ಇದೇ ಸರಿ. ಕಥೆ, ಕಾದಂಬರಿಗೆ ಮನುಷ್ಯರಂಥ ದನಿ ಬೇಕೆನಿಸಿದರೆ ಹಣ ಕೊಟ್ಟು ಕೊಳ್ಳುವ ವೋಕಲೈಸರ್ ಧ್ವನಿಗಳಲ್ಲಿ ಕನ್ನಡವಿದೆ. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್‌ನ ರೀಡ್ ಅಲೌಡ್‌ನಲ್ಲಿ ಸಪ್ನಾ, ಗಗನ್ ಎಂಬ ಎರಡು ಕನ್ನಡ ದನಿಗಳು ಉಚಿತವಾಗಿ ಸಿಗುತ್ತವೆ, ಕಂಟ್ರೋಲ್, ಶಿಫ್ಟ್, ಯು ಒತ್ತಿದರೆ ಪುಟವನ್ನು ಓದುತ್ತವೆ. ಅವು ಇಂಪಾಗಿವೆ, ಆದರೆ ನೆಟ್ ಇರಲೇಬೇಕು. ಶಬ್ದ ಶಬ್ದವಾಗಿ ನಿಲ್ಲಿಸಿ ಕಾಗುಣಿತ ನೋಡುವ ಕೆಲಸಕ್ಕೆ ಅವು ಆಗಿಬರುವುದಿಲ್ಲ.

ರಾಯಚೂರು ಸೀಮೆಯವರಿಗೆ ಇನ್ನೊಂದು ಮಾತು. ಇಲ್ಲಿ ಒಂದೇ ಮನೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಓಡಾಡುತ್ತವೆ. ಇ-ಸ್ಪೀಕ್‌ನಲ್ಲಿ ಮೂರೂ ಭಾಷೆ ಇವೆ, ಆದರೆ ತೆಲುಗು ಪುಸ್ತಕ ತೆರೆದಾಗಲೆಲ್ಲ ಸೆಟ್ಟಿಂಗ್ ಹೊಕ್ಕು ಧ್ವನಿ ಬದಲಿಸುವುದು ಬೇಸರದ ಕೆಲಸ. ಎನ್‌ವಿಡಿಎಯಲ್ಲಿ ಪ್ರೊಫೈಲ್ ಎಂಬ ಅನುಕೂಲವಿದೆ. ಇನ್ಸರ್ಟ್, ಕಂಟ್ರೋಲ್, ಪಿ ಒತ್ತಿ ತೆಲುಗಿಗೊಂದು, ಉರ್ದುವಿಗೊಂದು ಪ್ರೊಫೈಲ್ ಮಾಡಿ ಪ್ರತಿಯೊಂದಕ್ಕೂ ಒಂದು ಶಾರ್ಟ್‌ಕಟ್ ಕೊಟ್ಟುಬಿಡಿ.

ಬ್ರೈಲ್ ಬಲ್ಲವರು ಬ್ರೈಲ್ ಡಿಸ್‌ಪ್ಲೇ ಸಿಕ್ಕರೆ ಬಿಡಬೇಡಿ. ಎನ್‌ವಿಡಿಎ ಕನ್ನಡ ಬ್ರೈಲನ್ನೂ ತೋರಿಸಬಲ್ಲದು, ಕಾಗುಣಿತ ಗಟ್ಟಿಯಾಗುವುದು ಬೆರಳಿನಿಂದಲೇ.

ಈಗ ಓದುಗ ತಂತ್ರಾಂಶ

ಇಪಬ್ ಎಂಬುದು ಇ-ಪುಸ್ತಕದ ಅಂತರರಾಷ್ಟ್ರೀಯ ಮಾದರಿ. ಡೈಸಿ ಎಂಬುದು ಅಂಧ ಓದುಗರಿಗೆಂದೇ ರೂಪಿಸಿದ್ದು, ಅದರಲ್ಲಿ ಪಠ್ಯ, ಓದಿದ ಧ್ವನಿ ಎರಡೂ ಇರಬಹುದು. ಎರಡರಲ್ಲೂ ಅಧ್ಯಾಯ, ಉಪಶೀರ್ಷಿಕೆ, ಪುಟಸಂಖ್ಯೆಗಳನ್ನು ಗುರುತು ಮಾಡಿರುತ್ತಾರೆ. ಕಣ್ಣಿದ್ದವರು ಪುಸ್ತಕ ತಿರುವಿಹಾಕಿ ಬೇಕಾದ ಪುಟಕ್ಕೆ ಹೋಗುವ ಹಾಗೆ ನೀವೂ ಹೋಗಬಹುದು. ‘97ನೇ ಪುಟ ತೆಗೀರಿ’ ಎಂದು ತರಗತಿಯಲ್ಲಿ ಹೇಳಿದಾಗ ಇದರ ಬೆಲೆ ತಿಳಿಯುತ್ತದೆ.

ಈ ಎರಡಕ್ಕೂ ನಾನು ಮೊದಲು ಹೇಳುವ ಹೆಸರು ಥೋರಿಯಂ ರೀಡರ್. ಪ್ಯಾರಿಸ್‌ನ ಇಡಿಆರ್‌ಲ್ಯಾಬ್ ಎಂಬ ಲಾಭರಹಿತ ಸಂಸ್ಥೆ ತಯಾರಿಸುವ ಇದು ಉಚಿತ, ಜಾಹೀರಾತಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಎನ್‌ವಿಡಿಎ ಜೊತೆ ಹೊಂದಿಕೊಳ್ಳಬೇಕೆಂಬ ಉದ್ದೇಶದಿಂದಲೇ ಕಟ್ಟಿದ್ದು. ಬಳಸುವಾಗ ಒಂದು ಬದಲಾವಣೆ ಮಾಡಿಕೊಳ್ಳಿ: ಪುಟ ಮಗುಚುವ ವಿಧಾನ ಬಿಟ್ಟು ಸ್ಕ್ರೋಲ್ ವಿಧಾನ ಆರಿಸಿ. ಆಗ ಅಧ್ಯಾಯ ಪೂರ್ತಿ ಒಂದೇ ಹರಿವಾಗಿ ಸಿಗುತ್ತದೆ, ಇನ್ಸರ್ಟ್ ಮತ್ತು ಕೆಳಬಾಣ ಒತ್ತಿದರೆ ತಡೆಯಿಲ್ಲದೆ ಓದುತ್ತದೆ. ಥೋರಿಯಂಗೆ ಸ್ವಂತ ಓದುವ ಗುಂಡಿಯೂ ಇದೆ, ಎನ್‌ವಿಡಿಎ ಇದ್ದವರಿಗೆ ಅದು ಬೇಡ. ಅರೆದೃಷ್ಟಿಯವರಿಗೂ ಇದೇ ಒಳ್ಳೆಯದು. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಸಾಲು ತಾನೇ ಮಡಚಿಕೊಳ್ಳುತ್ತದೆ, ಹಿನ್ನೆಲೆಯ ಬಣ್ಣ ಬದಲಿಸಬಹುದು. ಪಿಡಿಎಫ್ ಹಿಗ್ಗಿಸಿ ಎಡಕ್ಕೆ ಬಲಕ್ಕೆ ಎಳೆದಾಡುವ ಪೀಡೆ ಇಲ್ಲ.

ಎಲ್ಲ ಬಗೆಯ ಫೈಲುಗಳ ಕಲಸುಮೇಲೋಗರ ಇದ್ದವರಿಗೆ ಬುಕ್‌ವರ್ಮ್ ಸೂಕ್ತ. ಇದು ಅಂಧ ತಂತ್ರಜ್ಞರೇ ಬರೆದ ಉಚಿತ ತಂತ್ರಾಂಶ. ಇಪಬ್, ಡೈಸಿ, ವರ್ಡ್, ಪಿಡಿಎಫ್, ಸಾದಾ ಪಠ್ಯ ಎಲ್ಲವನ್ನೂ ಒಂದೇ ಸರಳ ಕಿಟಕಿಯಲ್ಲಿ ತೆರೆಯುತ್ತದೆ. ಬಿಟ್ಟ ಜಾಗ ನೆನಪಿಟ್ಟುಕೊಳ್ಳುತ್ತದೆ, ಸ್ಕ್ಯಾನ್ ಪುಟಕ್ಕೆ ಟೆಸರಾಕ್ಟ್ ಒಸಿಆರ್ ಸೇರಿಸಿಕೊಳ್ಳಲು ಅವಕಾಶವಿದೆ. ಒಸಿಆರ್ ವಿಷಯದಲ್ಲಿ ಒಂದು ಎಚ್ಚರಿಕೆ: ಎನ್‌ವಿಡಿಎಯಲ್ಲಿ ಇನ್ಸರ್ಟ್, ಆರ್ ಒತ್ತಿದರೆ ನಡೆಯುವುದು ವಿಂಡೋಸ್‌ನ ಒಸಿಆರ್, ಅದಕ್ಕೆ ಕನ್ನಡ ಬರುವುದಿಲ್ಲ.

ಕ್ಯಾಲಿಬರ್ ಬಗ್ಗೆ ಕೇಳಿರುತ್ತೀರಿ. ಭಾರತೀಯ ಮೂಲದ ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಇದು ಒಂದು ಮಾದರಿಯ ಪುಸ್ತಕವನ್ನು ಇನ್ನೊಂದಕ್ಕೆ ಬದಲಿಸುವುದರಲ್ಲಿ ನಿಸ್ಸೀಮ. ಆದರೆ ಅದರ ಕಿಟಕಿ, ಪಟ್ಟಿಗಳು ಸ್ಕ್ರೀನ್ ರೀಡರ್‌ಗೆ ಸುಲಭವಾಗಿ ದಕ್ಕುವುದಿಲ್ಲ. ಪರಿವರ್ತನೆಗೆ ಇಟ್ಟುಕೊಳ್ಳಿ, ಓದಲು ಬೇಡ. ಇನ್ನು ಯಾರೂ ಹೊಗಳದ, ಆದರೆ ಎಲ್ಲರಿಗೂ ಆಗಿಬರುವ ಓದುಗ ತಂತ್ರಾಂಶವೆಂದರೆ ವರ್ಡ್. ಯುನಿಕೋಡ್ ವರ್ಡ್ ಫೈಲಿನಲ್ಲಿ ಶೀರ್ಷಿಕೆಗಳನ್ನು ಹೆಡಿಂಗ್ ಶೈಲಿಯಲ್ಲಿ ಹಾಕಿದ್ದರೆ, ಎನ್‌ವಿಡಿಎಯಲ್ಲಿ ಇನ್ಸರ್ಟ್, ಎಫ್7 ಒತ್ತಿದೊಡನೆ ಶೀರ್ಷಿಕೆಗಳ ಪಟ್ಟಿಯೇ ಎದುರಿಗೆ ಬರುತ್ತದೆ. ಅರ್ಧ ನೋಟ್ಸುಗಳ ಸಮಸ್ಯೆ ಇಷ್ಟರಲ್ಲೇ ಮುಗಿಯುತ್ತದೆ.

ಕಿಂಡಲ್ ಕೊಳ್ಳಲೇ ಎಂದು ಕೇಳುವವರಿಗೆ: ಇಂಗ್ಲಿಷ್ ಪುಸ್ತಕಗಳಿಗಾದರೆ ಕಂಪ್ಯೂಟರಿನ ಕಿಂಡಲ್ ತಂತ್ರಾಂಶ ಎನ್‌ವಿಡಿಎ ಜೊತೆ ಕೆಲಸ ಮಾಡುತ್ತದೆ. ಕನ್ನಡಕ್ಕೆ ಅದರಲ್ಲಿ ಹೆಚ್ಚು ನಿರೀಕ್ಷೆ ಬೇಡ. 2016ರಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕ ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡದ ಆ್ಯಪುಗಳಲ್ಲಿ ಇ-ಪುಸ್ತಕವೂ ಕೇಳುಪುಸ್ತಕವೂ ಇವೆ. ಯಾವ ಆ್ಯಪ್ ಆದರೂ ದುಡ್ಡು ಕಟ್ಟುವ ಮೊದಲು ಉಚಿತ ಪುಸ್ತಕವೊಂದನ್ನು ಮೊಬೈಲಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಹಾಕಿಕೊಂಡು ತೆರೆದು ನೋಡಿ. ಗುಂಡಿಗಳಿಗೆ ಹೆಸರಿಲ್ಲದೆ ‘ಬಟನ್, ಬಟನ್’ ಎಂದಷ್ಟೇ ಹೇಳಿದರೆ, ಪುಟದ ಪಠ್ಯ ಬೆರಳಿಗೆ ಸಿಗದಿದ್ದರೆ, ಅಲ್ಲಿಂದ ಹೊರಡಿ.

ದಾಸರ ಪದ್ಯದಲ್ಲಿ ಪರೀಕ್ಷೆ

ತಂತ್ರಾಂಶವನ್ನೂ ಧ್ವನಿಯನ್ನೂ ಅಳೆಯಲು ಅದರ ಜೊತೆ ಬಂದ ಮಾದರಿ ಪುಸ್ತಕ ಸಾಲದು, ಅದು ಸುಲಭದ ಇಂಗ್ಲಿಷ್ ಆಗಿರುತ್ತದೆ. ನೀವು ನಿಜಕ್ಕೂ ಓದಬೇಕಾದ ಪುಸ್ತಕದ ಕಠಿಣ ಪುಟವನ್ನೇ ಕೊಡಿ. ನಮ್ಮ ಕಡೆಯವರಿಗೆ ಇದಕ್ಕೆ ಬೇರೆಲ್ಲೂ ಹುಡುಕಬೇಕಿಲ್ಲ. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ. ಸಂಧಿ, ಸಮಾಸ, ಮೂರಂತಸ್ತಿನ ಒತ್ತಕ್ಷರ ಎಲ್ಲ ಅದರಲ್ಲುಂಟು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ಇವರ ಕೀರ್ತನೆಗಳೂ ಆಗಬಹುದು. ಇವುಗಳ ಒಂದು ಪುಟವನ್ನೂ, ನಿಮ್ಮ ಪಠ್ಯದ ಒಂದು ಗದ್ಯ ಪುಟವನ್ನೂ ಯುನಿಕೋಡ್‌ನಲ್ಲಿ ಇಟ್ಟುಕೊಳ್ಳಿ.

ಷಟ್ಪದಿಯ ಆರು ಸಾಲಿಗೂ ಪ್ರತ್ಯೇಕ ಉಸಿರು ಸಿಗುತ್ತದೆಯೇ, ಎಲ್ಲ ಸೇರಿ ಮುದ್ದೆಯಾಗುತ್ತದೆಯೇ ಕೇಳಿ. ಅರ್ಥವಾಗದ ಪದ ಬಂದಾಗ ಹಿಂದೆ ಹೋಗಿ ಒಂದೊಂದೇ ಅಕ್ಷರವಾಗಿ ಕೇಳಿ. ಬಾಣದ ಗುಂಡಿ ಒತ್ತಿದರೆ ಒತ್ತಕ್ಷರ ಬಿಡಿಸಿ ಹೇಳಬೇಕು. ‘ಕ್ರಿ.ಶ.’, ‘ಡಾ.’, 1728ರಂಥ ಇಸವಿ, ಕನ್ನಡ ಅಂಕಿಗಳು ಇವನ್ನೆಲ್ಲ ಹೇಗೆ ಹೇಳುತ್ತದೆ ಗಮನಿಸಿ. ಕನ್ನಡದಲ್ಲಿ ಒಂದು ಪದ ಟೈಪ್ ಮಾಡಿ ಹುಡುಕಿ. ಸಿಗದಿದ್ದರೆ ಸಂಶೋಧನೆ ಮಾಡುವವರಿಗೆ ಆ ತಂತ್ರಾಂಶದಿಂದ ಉಪಯೋಗವಿಲ್ಲ. ಬುಕ್‌ಮಾರ್ಕ್ ಇಟ್ಟು, ತಂತ್ರಾಂಶ ಮುಚ್ಚಿ, ಮತ್ತೆ ತೆರೆದು ಅದೇ ಸಾಲಿಗೆ ಬರುತ್ತದೆಯೇ ನೋಡಿ. ಇಷ್ಟೂ ಕೆಲಸ ಮೌಸ್ ಮುಟ್ಟದೆ ಆಗಬೇಕು. ಒಂದು ಕಡೆ ಮೌಸ್ ಬೇಕಾಯಿತೆಂದರೂ ಆ ತಂತ್ರಾಂಶ ನಿಮಗೆಂದು ಮಾಡಿದ್ದಲ್ಲ.

ಪುಸ್ತಕ ಎಲ್ಲಿ ಸಿಗುತ್ತವೆ, ಕಾನೂನು ಏನನ್ನುತ್ತದೆ

ಮೊದಲು ಸುಗಮ್ಯ ಪುಸ್ತಕಾಲಯದ ಸದಸ್ಯರಾಗಿ. ಕೇಂದ್ರ ಸರ್ಕಾರದ ವಿಕಲಚೇತನರ ಇಲಾಖೆ ಮತ್ತು ಡೈಸಿ ಫೋರಂ ಆಫ್ ಇಂಡಿಯಾ ಕೂಡಿ 2016ರ ಆಗಸ್ಟ್‌ನಲ್ಲಿ ತೆರೆದ ಈ ಆನ್‌ಲೈನ್ ಗ್ರಂಥಾಲಯದಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳ ಪುಸ್ತಕಗಳು ಡೈಸಿ, ಇಪಬ್, ಬ್ರೈಲ್ ರೂಪದಲ್ಲಿವೆ. ಸದಸ್ಯತ್ವಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಬೇಕು, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಟ್ಟುಕೊಂಡಿದ್ದರೆ ಎಲ್ಲ ಕಡೆ ಅನುಕೂಲ. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆ ಬಹಳ ವರ್ಷಗಳಿಂದ ಧ್ವನಿಪುಸ್ತಕಗಳ ಗ್ರಂಥಾಲಯ ನಡೆಸುತ್ತಿದೆ. ಕನ್ನಡ ವಿಕಿಸೋರ್ಸ್‌ನಲ್ಲಿರುವ ಕೃತಿಗಳು ಶುದ್ಧ ಯುನಿಕೋಡ್, ನೇರವಾಗಿ ಇಪಬ್ ಮಾಡಿ ಇಳಿಸಿಕೊಳ್ಳಬಹುದು. ವಚನಗಳಿಗೆ ವಚನ ಸಂಚಯ ಎಂಬ ಜಾಲತಾಣವಿದೆ, ಪದ ಕೊಟ್ಟು ಹುಡುಕಲು ಅದು ತುಂಬಾ ಅನುಕೂಲ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ರಾಶಿಯೇ ಇದೆ, ಆದರೆ ಅಲ್ಲಿನ ಪಠ್ಯ ಯಂತ್ರ ಗುರುತಿಸಿದ್ದು, ತಪ್ಪುಗಳನ್ನು ಸಹಿಸಿಕೊಳ್ಳಬೇಕು. ಹೆಂಬೆರಾಳದ ಶಾಂತರಸರಂಥ ನಮ್ಮ ಜಿಲ್ಲೆಯ ಲೇಖಕರ ಕೃತಿಗಳನ್ನು ಕಿವಿಯಿಂದ ಓದಬೇಕೆಂದರೆ ಬಹುಪಾಲು ನೀವೇ ಸ್ಕ್ಯಾನ್ ಮಾಡಿಸಬೇಕಾದೀತು.

ಸ್ಕ್ಯಾನ್ ಮಾಡಿದರೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ ಎಂದು ಗ್ರಂಥಪಾಲಕರೂ ಅಧ್ಯಾಪಕರೂ ಹಿಂಜರಿಯುವುದುಂಟು. ಹೆದರುವ ಕಾರಣವಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ, ವಿಕಲಚೇತನರು ಓದಲು ಸಾಧ್ಯವಾಗುವ ರೂಪಕ್ಕೆ ಯಾವುದೇ ಕೃತಿಯನ್ನು ಬದಲಿಸಿ ಅವರಿಗೆ ಕೊಡುವುದಕ್ಕೆ ಲೇಖಕರ, ಪ್ರಕಾಶಕರ ಅನುಮತಿ ಬೇಡ ಎನ್ನುತ್ತದೆ. ಸ್ವಂತ ಓದು, ಶಿಕ್ಷಣ, ಸಂಶೋಧನೆಗೆ ಇದು ಅನ್ವಯ, ಲಾಭಕ್ಕೆ ಮಾರುವಂತಿಲ್ಲ. ಅಂಧರಿಗೆ ಪುಸ್ತಕ ಸಿಗುವಂತೆ ಮಾಡಲು 2013ರಲ್ಲಿ ಮರಾಕೇಶ್‌ನಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾದಾಗ ಅದನ್ನು ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತವೇ, 2014ರ ಜೂನ್‌ನಲ್ಲಿ. ಜೊತೆಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 4ರಷ್ಟನ್ನು ವಿಕಲಚೇತನರಿಗೆ, ಅದರಲ್ಲಿ ಶೇ 1ರಷ್ಟನ್ನು ಅಂಧರು ಮತ್ತು ಅರೆದೃಷ್ಟಿಯವರಿಗೆ ಮೀಸಲಿಟ್ಟಿದೆ. ಹುದ್ದೆ ಇದೆ, ಓದಲು ಪುಸ್ತಕವಿಲ್ಲ ಎಂದಾದರೆ ಆ ಮೀಸಲಾತಿ ಯಾರ ಪಾಲಿಗೆ?

ಲ್ಯಾಬು, ಮೊಬೈಲು, ಕಚೇರಿ

ಸ್ವಂತ ಲ್ಯಾಪ್‌ಟಾಪ್ ಇಲ್ಲದವರು ಪೆನ್‌ಡ್ರೈವ್ ಒಂದನ್ನು ಇಟ್ಟುಕೊಳ್ಳಿ. ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿ ಪೋರ್ಟಬಲ್ ಪ್ರತಿ ಮಾಡುವ ಅವಕಾಶವಿದೆ. ಕನ್ನಡ ಧ್ವನಿ, ವೇಗ, ಪ್ರೊಫೈಲ್ ಎಲ್ಲ ಹೊಂದಿಸಿದ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಗ್ರಂಥಾಲಯದಲ್ಲೋ ಸೈಬರ್ ಸೆಂಟರಿನಲ್ಲೋ ಚುಚ್ಚಿದ ಕೂಡಲೇ ನಿಮ್ಮ ಕಂಪ್ಯೂಟರ್ ಆಗಿಬಿಡುತ್ತದೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಪೆನ್‌ಡ್ರೈವ್ ಬಳಕೆಗೆ ಲ್ಯಾಬಿನವರ ಒಪ್ಪಿಗೆ ಮೊದಲೇ ಬರಹದಲ್ಲಿ ಪಡೆದಿಟ್ಟುಕೊಳ್ಳಿ.

ನಮ್ಮ ಜಿಲ್ಲೆಯ ಶಕ್ತಿನಗರದ ಸ್ಥಾವರದ ವಿದ್ಯುತ್ತು ನಾಡಿಗೆಲ್ಲ ಹೋದರೂ ಸುತ್ತಲಿನ ಹಳ್ಳಿಗಳಲ್ಲಿ ಕರೆಂಟು ಯಾವಾಗ ಕೈಕೊಡುತ್ತದೆ ಹೇಳಲಾಗದು. ಅದಕ್ಕೆ ಬಾಲಬೋಲ್ಕಾ ಎಂಬ ಉಚಿತ ತಂತ್ರಾಂಶ ಉಪಯೋಗಕ್ಕೆ ಬರುತ್ತದೆ. ಪಠ್ಯವನ್ನು ಎಂಪಿ3 ಮಾಡಿ ಮೊಬೈಲಿಗೆ ಹಾಕಿಕೊಂಡರೆ ಮಾನ್ವಿಯ ಬಸ್ಸಿನಲ್ಲಿ ಕೇಳುತ್ತಾ ಬರಬಹುದು. ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಮತ್ತು ಗೂಗಲ್‌ನ ಕನ್ನಡ ಧ್ವನಿ ಇದ್ದರೆ ಅಟ್ ವಾಯ್ಸ್ ಅಲೌಡ್ ರೀಡರ್ ಎಂಬ ಆ್ಯಪ್ ಇಪಬ್, ವರ್ಡ್ ಎರಡನ್ನೂ ಓದುತ್ತದೆ. ಆದರೆ ಟಿಪ್ಪಣಿ ಬರೆಯುತ್ತಾ ಓದುವ ಕೆಲಸ, ಪ್ರಬಂಧದ ಕೆಲಸ ಕಂಪ್ಯೂಟರಿನಲ್ಲೇ ಆಗಬೇಕು. ಮೊಬೈಲೊಂದೇ ಸಾಕೆನ್ನುವವರ ಮಾತು ಕೇಳಬೇಡಿ.

ಲ್ಯಾಪ್‌ಟಾಪ್ ಯೋಜನೆ, ಯುಡಿಐಡಿ ಇತ್ಯಾದಿಗಳಿಗೆ ರಾಯಚೂರಿನಲ್ಲಿ ಜಿಲ್ಲಾ ಕಲ್ಯಾಣಾಧಿಕಾರಿಗಳ ಕಚೇರಿಯಿದೆ. ಅಲ್ಲಿಗೇ ಓಡಬೇಕಿಲ್ಲ: ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು, ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಅರ್ಜಿ ತುಂಬಿಸುವುದು ಅವರದೇ ಕೆಲಸ.

ಕೊನೆಗೆ ಅಧ್ಯಾಪಕರಲ್ಲಿ, ಡಿಟಿಪಿ ಮಾಡುವವರಲ್ಲಿ, ನಮ್ಮ ಜಿಲ್ಲೆಯ ಪ್ರಕಾಶಕರಲ್ಲಿ ಒಂದು ಕೋರಿಕೆ. ಪಿಡಿಎಫ್ ಕಳಿಸಬೇಡಿ ಎನ್ನುತ್ತಿಲ್ಲ. ಅದರ ಜೊತೆಗೆ ಯುನಿಕೋಡ್‌ನಲ್ಲಿ ಟೈಪ್ ಮಾಡಿದ, ಶೀರ್ಷಿಕೆಗೆ ಹೆಡಿಂಗ್ ಶೈಲಿ ಹಾಕಿದ ವರ್ಡ್ ಫೈಲನ್ನೂ ಕಳಿಸಿ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.